ಚಾಚಾನ ಬೊಲೆರೊಗೆ ದೊಡ್ಡ ಟೈರ್ ಹಾಕಿಸಬೇಕೆ?

ಮಲೆ ಮಹದೇಶ್ವರ ಬೆಟ್ಟದಿಂದ ಇಂಡಿಗನತ್ತದ ಕಡೆಗೆ ಹೋಗುವ ಕಾಡುದಾರಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಬರೀ ಕಲ್ಲು, ಕೊರಕಲು; ಮಳೆ ಬಂದರೆ ಕೆಸರು. ಜೀಪು, ಬೊಲೆರೊಗಳನ್ನು ನಂಬಿಕೊಂಡ ಇಂಥ ದಾರಿಗಳು ಹನೂರು ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ನಮ್ಮ ಚಾಚಾ ಬೊಲೆರೊ ಬಾಡಿಗೆಗೆ ಓಡಿಸುತ್ತಾರೆ. ಕಳೆದ ತಿಂಗಳು ಅಂಥದೊಂದು ದಾರಿಯಲ್ಲಿ ಗಾಡಿಯ ತಳಕ್ಕೆ ಕಲ್ಲು ಬಡಿದು, ಆಯಿಲ್ ಸೋರಿ, ಇಡೀ ದಿನದ ದುಡಿಮೆ ಹೋಯಿತು. ಮನೆಗೆ ಬಂದವರೇ 31 ಇಂಚಿನ ಟೈರ್ ಹಾಕಿಸುತ್ತೇನೆ ಎಂದು ಹಟ ಹಿಡಿದರು. ಪಿಯುಸಿಯಲ್ಲಿ ಸೈನ್ಸ್ ಓದುತ್ತಿರುವ ನನ್ನನ್ನು ಕರೆದು, ಇದು ಸರಿಯೋ ತಪ್ಪೋ ಲೆಕ್ಕ ಹಾಕಿ ಹೇಳು ಎಂದರು. ಆ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ.

ಚಾಚಾನ ಗಾಡಿಯ ಟೈರಿನ ಮೇಲೆ 215/75 R15 ಎಂದು ಅಚ್ಚಾಗಿದೆ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 75 ರಷ್ಟು. 15 ಎಂದರೆ ಡಿಸ್ಕಿನ ವ್ಯಾಸ, ಅದು ಮಾತ್ರ ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಎರಡು ಅಳತೆ ಯಾಕೆ ಬೆರೆಸಿದರೋ! ಗುಣಿಸಿ ಕೂಡಿದರೆ ಟೈರಿನ ಪೂರ್ತಿ ವ್ಯಾಸ 703.5 ಮಿ.ಮೀ. ಬರುತ್ತದೆ. 31 ಇಂಚಿನದ್ದು 787.4 ಮಿ.ಮೀ. ವ್ಯತ್ಯಾಸ 84 ಮಿ.ಮೀ. ಆದರೂ ಗಾಡಿ ಏಳುವುದು ಅದರ ಅರ್ಧ, 42 ಮಿ.ಮೀ. ಮಾತ್ರ. ಯಾಕೆಂದರೆ ಆಕ್ಸಲ್ ಇರುವುದು ಚಕ್ರದ ನಡುವೆ.

ಈ 42 ಮಿ.ಮೀ. ಕಡಿಮೆಯೇನಲ್ಲ. ಬೊಲೆರೊದ ಹಿಂದಿನ ಆಕ್ಸಲ್ ನಡುವೆ ಗುಂಡಗೆ ಇಳಿಬಿದ್ದಿರುವ ಡಿಫರೆನ್ಷಿಯಲ್ ಇದೆಯಲ್ಲ, ಅದನ್ನು ನೆಲದಿಂದ ಮೇಲೆತ್ತಲು ದೊಡ್ಡ ಟೈರ್ ಒಂದೇ ದಾರಿ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ ಏಳುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಅಲ್ಲಿಗೆ ಚಾಚಾ ಹೇಳಿದ್ದು ಸರಿಯೇ.

ಇನ್ನು ಕಲ್ಲು ಹತ್ತುವ ವಿಷಯ. ದೊಡ್ಡ ಚಕ್ರ ಕಲ್ಲನ್ನು ಸುಲಭವಾಗಿ ಹತ್ತುತ್ತದೆ ಎನ್ನುತ್ತಾರೆ. ನಾವು ಟಾರ್ಕ್ ಪಾಠದಲ್ಲಿ ಮಾಡಿದ ಲೆಕ್ಕವೇ ಇದು. ಮುಂದಿನ ಒಂದು ಚಕ್ರದ ಮೇಲೆ 400 ಕೆ.ಜಿ. ಭಾರ, ಎದುರಿಗೆ 15 ಸೆಂ.ಮೀ. ಎತ್ತರದ ಕಲ್ಲು ಎಂದಿಟ್ಟುಕೊಳ್ಳಿ. ಟೈರ್ ಗಟ್ಟಿ ಚಕ್ರ ಎಂದೇ ಭಾವಿಸಿ. ಹಳೆಯ ಟೈರನ್ನು ಹತ್ತಿಸಲು ಹಿಂದಿನಿಂದ ಸುಮಾರು 571 ಕೆ.ಜಿ. ತೂಕದಷ್ಟು ಬಲದಲ್ಲಿ ತಳ್ಳಬೇಕು. ದೊಡ್ಡ ಟೈರಿಗೆ ಸುಮಾರು 508 ಸಾಕು. ಶೇ 11 ಉಳಿತಾಯ.

ಆದರೆ ತಳ್ಳುವವರು ಯಾರು? ಚಾಚಾನ ಗಾಡಿಯಲ್ಲಿ ಎಂಜಿನ್ ತಿರುಗಿಸುವುದು ಹಿಂದಿನ ಚಕ್ರಗಳನ್ನು. ಅವೂ ದೊಡ್ಡವಾಗಿವೆ! ಟಾರ್ಕ್ ಅಷ್ಟೇ ಇದ್ದು ತ್ರಿಜ್ಯ ಹೆಚ್ಚಿದರೆ ನೆಲದ ಮೇಲಿನ ಬಲ ಕಡಿಮೆಯಾಗುತ್ತದೆ. ಮೊದಲು 571 ತಳ್ಳುತ್ತಿದ್ದದ್ದು ಈಗ ಸುಮಾರು 510. ಬೇಕಾದದ್ದು 508, ಸಿಗುವುದು 510. ಗಳಿಸಿದ್ದೆಲ್ಲ ಅಲ್ಲೇ ಖರ್ಚು. ನಾನು ಎಲ್ಲೋ ತಪ್ಪಿದ್ದೇನೆ ಎಂದು ಫಿಸಿಕ್ಸ್ ಸರ್‌ಗೆ ತೋರಿಸಿದೆ. ಅವರು ಎರಡು ಸಲ ನೋಡಿ, ಸರಿಯಾಗಿದೆ ಎಂದರು.

ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಏರುವುದಲ್ಲ, ಇಳಿಯುವುದು. ಬ್ರೇಕಿಗೂ ಇದೇ ಸೂತ್ರ. ಮೊದಲಿನಷ್ಟೇ ಬಲದಿಂದ ಗಾಡಿ ನಿಲ್ಲಿಸಲು ಪೆಡಲನ್ನು ಸುಮಾರು ಶೇ 12 ಹೆಚ್ಚು ಒತ್ತಬೇಕು. ಗೇರಿನಲ್ಲೇ ಇಳಿಸುವಾಗ ಎಂಜಿನ್ ಹಿಡಿದುಕೊಳ್ಳುವ ಬಲವೂ ಕಡಿಮೆಯಾಗಿ, ಆ ಹೊರೆ ಬ್ರೇಕಿನ ಮೇಲೆ ಬೀಳುತ್ತದೆ, ಬ್ರೇಕ್ ಕಾಯುತ್ತದೆ. ಗಾಡಿ ತುಂಬ ಜನ ಕೂರಿಸಿಕೊಂಡು ಬೆಟ್ಟದಿಂದ ತಾಳಬೆಟ್ಟದ ಕಡೆಗೆ ತಿರುವು ತಿರುವಾಗಿ ಇಳಿಯುವುದನ್ನು ನೆನೆದುಕೊಳ್ಳಿ. ಮೀಟರ್ ಬೇರೆ ಸುಳ್ಳು ಹೇಳುತ್ತದೆ. ಅದು 60 ತೋರಿಸುವಾಗ ಗಾಡಿ ಓಡುತ್ತಿರುವುದು 67 ರಲ್ಲಿ. ಎತ್ತರ ಹೆಚ್ಚಿದ ಗಾಡಿ ತಿರುವಿನಲ್ಲಿ ಹೆಚ್ಚು ವಾಲುತ್ತದೆ ಕೂಡ.

ಅಗಲದ ತೊಂದರೆ ಬೇರೆ. 31 ಇಂಚಿನ ಟೈರ್ ಸಾಮಾನ್ಯವಾಗಿ ಹತ್ತೂವರೆ ಇಂಚು ಅಗಲ, ಅಂದರೆ 267 ಮಿ.ಮೀ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಅದು ಮಡ್‌ಗಾರ್ಡಿಗೆ ಉಜ್ಜುವ ಸಂಭವ ಹೆಚ್ಚು.

ಕಾನೂನನ್ನೂ ನೋಡಿದೆ. 1988 ರ ಮೋಟಾರು ವಾಹನ ಕಾಯ್ದೆಯ 52 ನೇ ಸೆಕ್ಷನ್ ಪ್ರಕಾರ, ತಯಾರಕರು ಗೊತ್ತುಪಡಿಸಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019 ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅಪಘಾತವಾದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯಲು ಒಂದು ಕಾರಣ ನಾವೇ ಕೊಟ್ಟಂತೆ. ಬಾಡಿಗೆ ಗಾಡಿಯವರಿಗೆ ಇದು ಸಣ್ಣ ಮಾತಲ್ಲ.

235/75 R15 ಹಾಕಿದರೋ ಎಂದು ಚಾಚಾ ಚೌಕಾಸಿಗೆ ಇಳಿದರು. ಅದರಿಂದ ಗಾಡಿ ಏಳುವುದು 15 ಮಿ.ಮೀ., ಚಪ್ಪಲಿಯ ಅಟ್ಟೆಯಷ್ಟು. ಅದಕ್ಕೂ ಮೊದಲು ಕಂಪನಿಯ ಪುಸ್ತಕದಲ್ಲಿ ಆ ಅಳತೆಗೆ ಒಪ್ಪಿಗೆ ಇದೆಯೇ ನೋಡಬೇಕು.

ಕೊನೆಗೆ ಕೊಳ್ಳೇಗಾಲಕ್ಕೆ ಹೋಗಿ ಅದೇ 215/75 R15 ಅಳತೆಯಲ್ಲಿ, ಕಲ್ಲು ಮಣ್ಣು ಕಚ್ಚಿ ಹಿಡಿಯುವ ದಪ್ಪ ಗುಂಡಿಗಳ ಟೈರ್ ನಾಲ್ಕು ತಂದರು. ಜೊತೆಗೆ ತಳಕ್ಕೆ ಒಂದು ಕಬ್ಬಿಣದ ಗಾರ್ಡ್, ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಗಾಳಿ ಪಂಪು. ಕೆಸರು ಬಂದಾಗ, ಗಾಡಿ ಖಾಲಿ ಇದ್ದರೆ, ಐದಾರು ಪಾಯಿಂಟ್ ಗಾಳಿ ಇಳಿಸುತ್ತಾರೆ. ಟೈರ್ ನೆಲಕ್ಕೆ ಇನ್ನಷ್ಟು ಹರಡಿಕೊಂಡು ಹಿಡಿತ ಸಿಗುತ್ತದೆ. ಟಾರ್ ರಸ್ತೆ ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕು, ಇಲ್ಲದಿದ್ದರೆ ಪಕ್ಕದ ಗೋಡೆ ಕಾದು ಒಡೆಯಬಹುದು. ಪಂಪು ಹಿಡಿದು ನಿಲ್ಲುವ ಕೆಲಸ ರಜೆಯ ದಿನಗಳಲ್ಲಿ ನನ್ನದು.