ಹೆಚ್ಚು ಬಣ್ಣ, ಕಡಿಮೆ ಬೆಳಕು

ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ದೇಹ ಹೊಕ್ಕಾಗ ಅದನ್ನೇ ಹುಡುಕಿ ಹಿಡಿಯುವ ಪ್ರತಿಕಾಯಗಳು ರಕ್ತದಲ್ಲಿ ತಯಾರಾಗುತ್ತವೆ. ತನ್ನ ಗುರಿಯನ್ನು ಇಷ್ಟು ಕರಾರುವಾಕ್ಕಾಗಿ ಗುರುತಿಸುವ ಈ ಅಣು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಾಣುವುದೇ ಇಲ್ಲ. ಅದಕ್ಕೆ ಮಾಮೂಲಿ ಬಣ್ಣ ಅಂಟಿಸುವ ಪ್ರಯತ್ನಗಳು 1930ರ ದಶಕದಲ್ಲೇ ನಡೆದಿದ್ದವು. ಆದರೆ ತೆಳ್ಳಗೆ ಕತ್ತರಿಸಿದ ಅಂಗಾಂಶದ ಮೇಲೆ ಕೂತ ಅಷ್ಟು ಚೂರು ಬಣ್ಣ ಕಣ್ಣಿಗೆ ಬೀಳುತ್ತಿರಲಿಲ್ಲ. ಬಣ್ಣದ ಬದಲು ತಾನೇ ಬೆಳಕು ಸೂಸುವ ವಸ್ತುವನ್ನು ಅಂಟಿಸಿದರೆ ಹೇಗೆ ಎಂದು ಯೋಚಿಸಿದವರು ಅಮೆರಿಕದ ವೈದ್ಯ ಆಲ್ಬರ್ಟ್ ಕೂನ್ಸ್. 1939ರಲ್ಲಿ ಬರ್ಲಿನ್‌ಗೆ ರಜೆಗೆ ಹೋಗಿದ್ದಾಗ, ರುಮ್ಯಾಟಿಕ್ ಜ್ವರದಲ್ಲಿ ಹೃದಯದೊಳಗೆ ಮೂಡುವ ಗಂಟುಗಳಲ್ಲಿ ರೋಗಾಣುವಿನ ಅಂಶವೇನಾದರೂ ಉಳಿದಿರುತ್ತದೆಯೇ ಎಂಬ ಪ್ರಶ್ನೆ ಅವರ ತಲೆಯಲ್ಲಿತ್ತು. ಉತ್ತರ ಬೇಕೆಂದರೆ ಪ್ರತಿಕಾಯ ಎಲ್ಲಿ ಹೋಗಿ ಕೂರುತ್ತದೆಂದು ಕಣ್ಣಾರೆ ನೋಡಬೇಕಿತ್ತು.

ಹಾರ್ವರ್ಡ್‌ಗೆ ಮರಳಿದ ಮೇಲೆ, 1941ರಲ್ಲಿ, ಕೂನ್ಸ್ ಮತ್ತು ಸಂಗಡಿಗರು ಆಂಥ್ರಸೀನ್ ಜಾತಿಯ ವಸ್ತುವೊಂದನ್ನು ಪ್ರತಿಕಾಯಕ್ಕೆ ಜೋಡಿಸಿದರು. ಅದು ಹೊಳೆಯಿತು, ಆದರೆ ನೀಲಿಯಾಗಿ. ಅತಿನೇರಳೆ ಬೆಳಕು ಬಿದ್ದಾಗ ಅಂಗಾಂಶ ಕೂಡ ತಾನಾಗಿ ನೀಲಿ ಛಾಯೆಯಲ್ಲಿ ಮಿನುಗುತ್ತದೆ. ನೀಲಿಯಲ್ಲಿ ನೀಲಿಯನ್ನು ಹುಡುಕುವುದು ಹೇಗೆ? ಹಸಿರು ಸೂಸುವ ಫ್ಲೋರೆಸೀನ್ ಅವರ ನೆರವಿಗೆ ಬಂತು. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲೇ ತಯಾರಿಸಿದ್ದ ಬಣ್ಣ ಇದು. 495 ನ್ಯಾನೊಮೀಟರ್‌ನ ನೀಲಿ ಬೆಳಕನ್ನು ಹೀರಿ, 520ರ ಆಸುಪಾಸಿನ ಹಸಿರನ್ನು ಹೊರಬಿಡುತ್ತದೆ. ಹೀರಿದ ಬೆಳಕಿನ ಬಣ್ಣ ಒಂದು, ಬಿಟ್ಟ ಬೆಳಕಿನ ಬಣ್ಣ ಇನ್ನೊಂದು ಆದ್ದರಿಂದ ನೀಲಿಯನ್ನು ಫಿಲ್ಟರಿನಿಂದ ತಡೆದು ಹಸಿರನ್ನಷ್ಟೇ ನೋಡಬಹುದು. 1942ರಲ್ಲಿ ಸೋಂಕು ತಗುಲಿದ ಅಂಗಾಂಶದೊಳಗೆ ನ್ಯುಮೋನಿಯಾ ಬ್ಯಾಕ್ಟೀರಿಯಾದ ಅಂಶ ಎಲ್ಲೆಲ್ಲಿದೆ ಎಂಬುದನ್ನು ಅವರು ಹೀಗೆ ತೋರಿಸಿದರು. ಆಗ ಬಳಸಿದ ರೂಪ ತಯಾರಿಸಲು ಫಾಸ್ಜೀನ್ ಎಂಬ ವಿಷಾನಿಲ ಬೇಕಿತ್ತು. 1958ರಲ್ಲಿ ರಿಗ್ಸ್ ಮತ್ತು ಸಂಗಡಿಗರು ಪುಡಿಯಾಗಿ ಇಟ್ಟುಕೊಳ್ಳಬಹುದಾದ ಫ್ಲೋರೆಸೀನ್ ರೂಪವಾದ ಎಫ್‌ಐಟಿಸಿಯನ್ನು ಕೊಟ್ಟ ಮೇಲೆ ಈ ಕೆಲಸ ಸಾಮಾನ್ಯ ಪ್ರಯೋಗಾಲಯಗಳಿಗೂ ನಿಲುಕಿತು.

ಪ್ರತಿಕಾಯ ಒಂದು ಪ್ರೋಟೀನು. ಅದರ ಮೈಮೇಲೆ ಲೈಸೀನ್ ಎಂಬ ಅಮೈನೊ ಆಮ್ಲದ ತುದಿಗಳು 80ರ ಆಸುಪಾಸಿನಲ್ಲಿವೆ. ಎಫ್‌ಐಟಿಸಿ ಹೋಗಿ ಅಂಟುವುದು ಈ ತುದಿಗಳಿಗೇ. ಕ್ಷಾರೀಯ ದ್ರಾವಣ, ಅಂದರೆ 9ರ ಮೇಲಿನ ಪಿಎಚ್, ಒಂದೆರಡು ಗಂಟೆ, ಕತ್ತಲು: ಬೇಕಾದದ್ದು ಇಷ್ಟೇ. ಆದರೂ ಹೊಸಬರ ಕೈಯಲ್ಲಿ ಇದು ಕೆಡುತ್ತದೆ. ಕೊಂಡು ತಂದ ಪ್ರತಿಕಾಯ ಹಾಳಾಗದಿರಲೆಂದು ಬಾಟಲಿಗೆ ಸೋಡಿಯಂ ಅಜೈಡ್ ಸೇರಿಸಿರುತ್ತಾರೆ, ಕೆಲವೊಮ್ಮೆ ಟ್ರಿಸ್ ಬಫರ್ ಇರುತ್ತದೆ. ಎರಡೂ ಪ್ರತಿಕಾಯಕ್ಕಿಂತ ಮೊದಲು ಬಣ್ಣವನ್ನು ತಿಂದು ಮುಗಿಸುತ್ತವೆ. ಇವನ್ನು ತೆಗೆದುಹಾಕದೆ ಬಣ್ಣ ಸುರಿದರೆ ದುಬಾರಿ ಪ್ರತಿಕಾಯ ಬಣ್ಣವಿಲ್ಲದೆ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಧಾರಾಳತನದ್ದು. ಎಂಬತ್ತು ಜಾಗ ಖಾಲಿ ಇವೆಯೆಂದು ಎಲ್ಲ ತುಂಬಿದರೆ ಎಂಬತ್ತು ಪಟ್ಟು ಹೊಳೆಯಬೇಕಲ್ಲವೇ? ಹೊಳೆಯುವುದಿಲ್ಲ. ಫ್ಲೋರೆಸೀನ್ ಅಣುಗಳು ಒತ್ತೊತ್ತಾಗಿ ಕೂತಾಗ ಒಂದು ಹೀರಿದ ಶಕ್ತಿ ಪಕ್ಕದ್ದಕ್ಕೆ ದಾಟಿ, ಬೆಳಕಾಗದೆ ಶಾಖವಾಗಿ ಕಳೆದುಹೋಗುತ್ತದೆ. ಗುರಿಯನ್ನು ಹಿಡಿಯುವ ತುದಿಯಲ್ಲೇ ಲೈಸೀನ್ ಇದ್ದು ಅಲ್ಲಿಗೂ ಬಣ್ಣ ಅಂಟಿದರೆ ಪ್ರತಿಕಾಯದ ಹಿಡಿತ ಸಡಿಲುತ್ತದೆ. ಅದಲ್ಲದೆ ಫ್ಲೋರೆಸೀನ್ ಋಣಾವೇಶದ ಅಣು. ಅತಿಯಾಗಿ ಹೇರಿದರೆ ಪ್ರತಿಕಾಯ ಸಂಬಂಧವೇ ಇಲ್ಲದ ಪ್ರೋಟೀನುಗಳಿಗೂ ಅಂಟಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಅಪಾಯಕಾರಿ. ಮಂದ ಬೆಳಕು ನೋಡುವವರನ್ನು ಎಚ್ಚರಿಸುತ್ತದೆ, ತಪ್ಪು ಜಾಗದಲ್ಲಿ ಹೊಳೆಯುವ ಹಸಿರು ನಂಬಿಸಿಬಿಡುತ್ತದೆ. ಆದ್ದರಿಂದಲೇ ಅನುಭವಿಗಳು ಪ್ರತಿಕಾಯವೊಂದಕ್ಕೆ ಮೂರರಿಂದ ಆರು ಬಣ್ಣದ ಅಣುಗಳಿಗೆ ತೃಪ್ತರಾಗುತ್ತಾರೆ.

ಅಂಟದೆ ಉಳಿದ ಬಣ್ಣವನ್ನು ಬೇರ್ಪಡಿಸುವ ಹಂತ ನೋಡಲು ಚೆಂದ. ಸೆಫಾಡೆಕ್ಸ್ ಎಂಬ ಸಣ್ಣ ರಂಧ್ರಗಳ ಮಣಿಗಳನ್ನು ತುಂಬಿದ ನಳಿಕೆಯ ಮೇಲೆ ಹಳದಿ ದ್ರಾವಣವನ್ನು ಬಿಟ್ಟು, ಹಿಂದೆಯೇ ಬಫರ್ ಹನಿಸುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಒಂದೇ ಹಳದಿ ಎರಡು ಪಟ್ಟಿಯಾಗಿ ಒಡೆಯುತ್ತದೆ. ಪ್ರತಿಕಾಯದ ತೂಕ ಸುಮಾರು 1,50,000 ಡಾಲ್ಟನ್, ಎಫ್‌ಐಟಿಸಿಯದು 389. ದೊಡ್ಡದು ರಂಧ್ರದೊಳಗೆ ಹಿಡಿಯದೆ ಮಣಿಗಳ ಸಂದಿಯಲ್ಲೇ ಬೇಗ ಇಳಿದುಬರುತ್ತದೆ. ಚಿಕ್ಕದು ಮಣಿಮಣಿಯನ್ನೂ ಹೊಕ್ಕು ಹೊರಟು ತಡವಾಗಿ ಬರುತ್ತದೆ. ಮೊದಲ ಪಟ್ಟಿಯನ್ನು ಹಿಡಿದುಕೊಂಡು, 280 ಮತ್ತು 495 ನ್ಯಾನೊಮೀಟರ್‌ನಲ್ಲಿ ಅದು ಎಷ್ಟು ಬೆಳಕು ಹೀರುತ್ತದೆಂದು ಅಳೆದರೆ, ತಲಾ ಎಷ್ಟು ಬಣ್ಣ ಅಂಟಿದೆಯೆಂಬ ಲೆಕ್ಕ ಸಿಗುತ್ತದೆ. ಬಣ್ಣವೂ 280ರಲ್ಲಿ ಒಂದಿಷ್ಟು ಹೀರುವುದರಿಂದ ಆ ಪಾಲನ್ನು ಮರೆಯದೆ ಕಳೆಯಬೇಕು.

ಫ್ಲೋರೆಸೀನ್‌ಗೆ ದೌರ್ಬಲ್ಯಗಳಿವೆ. ಬೆಳಕಿನಡಿ ಬೇಗ ಮಾಸುತ್ತದೆ, ಆಮ್ಲೀಯ ದ್ರಾವಣದಲ್ಲಿ ಮಂಕಾಗುತ್ತದೆ. ಹೆಚ್ಚು ಬಾಳುವ ಬಣ್ಣಗಳು ಈಗ ಹಲವು ಬಂದಿವೆ. ಆದರೂ ರೇಬೀಸ್ ಪತ್ತೆಯಲ್ಲಿ ಹಳೆಯ ಹಸಿರೇ ಇಂದಿಗೂ ದುಡಿಯುತ್ತಿದೆ. ಸತ್ತ ನಾಯಿಗೆ ರೇಬೀಸ್ ಇತ್ತೇ ಎಂದು ತಿಳಿಯಲು ಹಿಂದೆ ಮೆದುಳಿನಲ್ಲಿ ರೋಗದ ಗುರುತಾದ ನೆಗ್ರಿ ಕಾಯಗಳನ್ನು ಹುಡುಕುತ್ತಿದ್ದರು. ಎಷ್ಟೋ ಪ್ರಕರಣಗಳಲ್ಲಿ ಅವು ಸಿಗುತ್ತಲೇ ಇರಲಿಲ್ಲ. ಮೆದುಳಿನ ಅಂಶವನ್ನು ಇಲಿಗೆ ಚುಚ್ಚಿ ಕಾದರೆ ವಾರಗಳೇ ಹಿಡಿಯುತ್ತಿದ್ದವು. 1958ರಲ್ಲಿ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಮೆದುಳಿನ ಲೇಪದ ಮೇಲೆ ಫ್ಲೋರೆಸೀನ್ ಅಂಟಿಸಿದ ಪ್ರತಿಕಾಯ ಹಾಕಿ ನೋಡುವ ವಿಧಾನ ಕೊಟ್ಟರು. ಫಲಿತಾಂಶ ಕೆಲವೇ ಗಂಟೆಗಳಲ್ಲಿ ಬರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ಪರೀಕ್ಷೆ ನಡೆಯುತ್ತದೆ. ಕಚ್ಚಿಸಿಕೊಂಡವರು ಫಲಿತಾಂಶಕ್ಕೆಂದು ಕಾಯಕೂಡದು. ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಗಲೇ ಲಸಿಕೆಗೆ ಹೋಗಬೇಕು. ನಾಯಿಗೆ ರೋಗ ಇತ್ತೆಂದು ಖಚಿತವಾದರೆ, ಅದು ಇನ್ನಾರಿಗೆ ಕಚ್ಚಿತ್ತು, ಯಾರ ಮನೆಯ ದನಕ್ಕೆ ಬಾಯಿ ಹಾಕಿತ್ತು ಎಂದು ಹುಡುಕಿ ಅವರಿಗೂ ಲಸಿಕೆ ಹಾಕಿಸಬಹುದು.

ಲೇಪವನ್ನು ಅಸಿಟೋನಿನಲ್ಲಿಟ್ಟು, ಪ್ರತಿಕಾಯ ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಟ್ಟು, ತೊಳೆದು ನೋಡಿದಾಗ ವೈರಸ್ ಇದ್ದಲ್ಲಿ ಎಳೆ ಸೇಬಿನ ಹಸಿರು ಚುಕ್ಕೆಗಳು ಕಾಣುತ್ತವೆ. ಜೊತೆಗೆ ಪ್ರತಿ ಸಲವೂ ಇನ್ನೆರಡು ಸ್ಲೈಡುಗಳಿರುತ್ತವೆ: ರೇಬೀಸ್ ಇದ್ದದ್ದು ಖಚಿತವಾದ ಮೆದುಳಿನದೊಂದು, ಇಲ್ಲದ್ದೆಂದು ಖಚಿತವಾದದ್ದೊಂದು. ಮೊದಲನೆಯದು ಹೊಳೆಯದಿದ್ದರೆ, ಇಲ್ಲವೇ ಎರಡನೆಯದು ಹೊಳೆದರೆ, ಆ ಸಲದ ಯಾವ ಫಲಿತಾಂಶವನ್ನೂ ಬರೆದುಕೊಡುವುದಿಲ್ಲ. ಪರೀಕ್ಷೆ ಮೊದಲಿನಿಂದ ಮತ್ತೆ ಶುರುವಾಗುತ್ತದೆ.