ತಾಯಿ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಬಿದ್ದರೆ ಹೆದರಬೇಡಿ

ಗುತ್ತೂರಿನ ಅತ್ತೆಯೊಬ್ಬರು ಏಳು ತಿಂಗಳ ಗರ್ಭಿಣಿ ಸೊಸೆಯನ್ನು ನನ್ನ ಬಳಿ ಕರೆತಂದಿದ್ದರು. “ಕಾಲು, ಮುಖ ಊದಿದೆ, ತಲೆನೋವು ಬಿಡ್ತಿಲ್ಲ, ಏನಾದ್ರೂ ಶರಬತ್ತು ಕೊಡಿ ಡಾಕ್ಟರಮ್ಮ” ಎಂದರು. ಬಿ.ಪಿ. ನೋಡಿದೆ, 160/110 ಇತ್ತು. “ಶರಬತ್ತಿಗೆ ಬಗ್ಗೋದಲ್ಲ ಅಮ್ಮ, ಈಗಲೇ ಆಸ್ಪತ್ರೆಗೆ ಹೊರಡಿ” ಎಂದೆ.

ಸೊಸೆ ಅಳತೊಡಗಿದಳು. ಹಿಂದಿನ ಬಾರಿ ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಆಗ ಹೋಗಿದ್ದ ಆಸ್ಪತ್ರೆಯಲ್ಲಿ ತಡವಾಗಿ ಬಂದಿರೆಂದು ಎಲ್ಲರೆದುರು ಗದರಿದ್ದರಂತೆ. ಆ ಅವಮಾನಕ್ಕೆ ಹೆದರಿ ಈ ಬಾರಿ ಅವಳು ತಪಾಸಣೆಗೇ ಹೋಗಿರಲಿಲ್ಲ. ಆಶಾ ಕಾರ್ಯಕರ್ತೆ ಕೊಟ್ಟ ತಾಯಿ ಕಾರ್ಡ್ ಚೀಲದಲ್ಲೇ ಇತ್ತು, ಒಳಗಿನ ಪುಟಗಳು ಖಾಲಿ.

ಸಹೋದರಿಯರೇ, ಗದರಿದವರ ಮೇಲಿನ ಸಿಟ್ಟು ನ್ಯಾಯವಾದದ್ದೇ. ಆದರೆ ಅದಕ್ಕಾಗಿ ಚಿಕಿತ್ಸೆ ಬಿಟ್ಟರೆ ಅಪಾಯ ನಿಮಗೆ ಮತ್ತು ಮಗುವಿಗೆ.

ಯಾರಿಗೆ ಹೆಚ್ಚಿನ ನಿಗಾ ಬೇಕು?

ಬಿ.ಪಿ. 140/90 ಅಥವಾ ಹೆಚ್ಚು, ಸಕ್ಕರೆ ಕಾಯಿಲೆ, ತೀವ್ರ ರಕ್ತಹೀನತೆ (ಹಿಮೋಗ್ಲೋಬಿನ್ 7ಕ್ಕಿಂತ ಕಡಿಮೆ), ಅವಳಿ ಮಕ್ಕಳು, ಹಿಂದೆ ಸಿಸೇರಿಯನ್ ಆಗಿರುವುದು ಅಥವಾ ಮಗು ತೀರಿಕೊಂಡಿರುವುದು: ಇಂಥವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಅಂಟಿಸುತ್ತಾರೆ. ಇದು ಕಳಂಕವಲ್ಲ, ಈ ತಾಯಿಯನ್ನು ಮೊದಲು ನೋಡಿ ಎಂಬ ಗುರುತು.

ಎಲ್ಲಿ ಹೋಗಬೇಕು?

2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಕೂಡ ಅಲ್ಲಿ ಉಚಿತ. ನಮಗೆ ಹತ್ತಿರದ್ದು ಹರಿಹರದ ತಾಲ್ಲೂಕು ಆಸ್ಪತ್ರೆ. ಅಪಾಯ ಹೆಚ್ಚಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಎಲ್ಲೇ ಹೆರಿಗೆ ಮಾಡಿಸುವುದಾದರೂ ಮೊದಲೇ ಕೇಳಿ: ರಾತ್ರಿ ಸಿಸೇರಿಯನ್ ಸಾಧ್ಯವೇ? ರಕ್ತ ಸಿಗುತ್ತದೆಯೇ? ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ನಿಗಾ ಘಟಕ ಇದೆಯೇ?

ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಸಂಶಯಗಳನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಅದು ನಿಮ್ಮ ಹಕ್ಕು. ಯಾರಾದರೂ ಅವಮಾನಿಸಿದರೆ ಮುಖ್ಯ ವೈದ್ಯಾಧಿಕಾರಿಗೆ ತಿಳಿಸಿ, ಬೇಕಾದರೆ ಆಸ್ಪತ್ರೆ ಬದಲಿಸಿ, ತಪಾಸಣೆ ಮಾತ್ರ ನಿಲ್ಲಿಸಬೇಡಿ. ಮಹಿಳಾ ವೈದ್ಯರನ್ನು ಕೇಳುವುದು ತಪ್ಪಲ್ಲ. ಆದರೆ ತುರ್ತಿನಲ್ಲಿ ಅವರಿಲ್ಲವೆಂದು ಕಾಯಬಾರದು. ಜೀವದ ಅಗತ್ಯ ಬಂದಾಗ ಷರೀಅತ್ ರಿಯಾಯಿತಿ ಕೊಟ್ಟಿದೆ. ರಮಝಾನ್ ಉಪವಾಸದಿಂದ ತನಗೋ ಮಗುವಿಗೋ ತೊಂದರೆಯ ಭಯವಿದ್ದರೆ ಬಿಡಲೂ ಅನುಮತಿ ಇದೆ.

ಬಾಣಂತನಕ್ಕೆ ತವರಿಗೆ ಹೋಗುವುದು ನಮ್ಮ ರೂಢಿ. ಅಪಾಯದ ಗರ್ಭವಾದರೆ ವೈದ್ಯರನ್ನು ಕೇಳದೆ ಊರು ಬದಲಿಸಬೇಡಿ. ಹೋಗಲೇಬೇಕಾದರೆ ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿ, ಮಾತ್ರೆ ಚೀಟಿ ಎಲ್ಲವೂ ಜೊತೆಗಿರಲಿ. ಅಲ್ಲಿನ ಆಶಾ ಕಾರ್ಯಕರ್ತೆಗೆ ಮೊದಲ ವಾರದಲ್ಲೇ ತಿಳಿಸಿ.

ನಾನು ಯುನಾನಿ ವೈದ್ಯೆಯಾಗಿ ಹೇಳುವ ಮಾತು: ಗರ್ಭಿಣಿಗೆ ಭೇದಿ ಔಷಧಿ, ಕುಶ್ತಾ ಕೇಳಿ ತಂದು ಕೊಡಬೇಡಿ. ಕೆಮ್ಮಿಗೆಂದು ಅಗಿಯುವ ಜ್ಯೇಷ್ಠಮಧು ಕೂಡ ಬಿ.ಪಿ. ಏರಿಸುತ್ತದೆ. ನಮ್ಮಿಂದ ಏನೇ ಔಷಧಿ ಪಡೆದಿದ್ದರೂ ಹೆರಿಗೆ ವೈದ್ಯರಿಗೆ ಮುಚ್ಚಿಡಬೇಡಿ.

ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ರಕ್ತಸ್ರಾವ, ನೀರು ಹೋಗುವುದು, ಮಗುವಿನ ಚಲನೆ ಕಡಿಮೆಯಾಗುವುದು ಕಂಡರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ.

ಅಂದು ಆ ಅತ್ತೆಯೇ ಸೊಸೆಯ ಕೈಹಿಡಿದು ಆಂಬುಲೆನ್ಸ್ ಹತ್ತಿದರು, ವಾರಗಟ್ಟಲೆ ವಾರ್ಡಿನಲ್ಲಿ ಜೊತೆಗಿದ್ದರು. ಮಗು ಅವಧಿಗೆ ಮುಂಚೆಯೇ ಹುಟ್ಟಿತು, ಪುಟ್ಟದಾಗಿತ್ತು. ಈಗ ತಾಯಿ-ಮಗು ಇಬ್ಬರೂ ಮನೆಯಲ್ಲಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ನಿಮ್ಮ ಮನೆಯಲ್ಲೂ ಗರ್ಭಿಣಿ ಇದ್ದರೆ ಇಂದೇ ಅವಳ ತಾಯಿ ಕಾರ್ಡ್ ತೆರೆದು ನೋಡಿ. ಪುಟ ಖಾಲಿ ಇದ್ದರೆ ಬರುವ 9ಕ್ಕೆ ನೀವೇ ಜೊತೆಯಲ್ಲಿ ಹೊರಡಿ.