ನಿಮಗಿದು ಗೊತ್ತೇ? ಹೊಸ ಕ್ರೂಸರ್ ಮನೆಗೆ ಬಂದಾಗ

ಕಾಲು ನೆಲಕ್ಕೆ ಎಟುಕುತ್ತೆ, ಎಳೆತ ಮೆದು, ಸೀಟು ಆರಾಮ. ಮೊದಲ ಬಾರಿ ಬೈಕ್ ಕೊಳ್ಳುವವರಿಗೆ ಕ್ರೂಸರ್, ಅಂದರೆ ತಗ್ಗಿದ ಸೀಟಿನಲ್ಲಿ ಪಾದ ಮುಂದೆ ಚಾಚಿ ಕೂರುವ ಬೈಕ್, ತೋರಿಸುವಾಗ ಶೋರೂಮಿನವರು ಹೇಳುವುದು ಇಷ್ಟೇ. ಮೂರೂ ನಿಜ. ಆದರೆ ಈ ಜಾತಿಯ ಗಾಡಿ ಸವಾರನನ್ನು ಪರೀಕ್ಷಿಸುವುದು ಗಂಟೆಗೆ 80 ಕಿ.ಮೀ. ವೇಗದಲ್ಲಲ್ಲ, 8ರಲ್ಲಿ: ಅಪಾರ್ಟ್‌ಮೆಂಟಿನ ಇಳಿಜಾರಿನಲ್ಲಿ, ಪೆಟ್ರೋಲ್ ಬಂಕಿನ ಸಾಲಿನಲ್ಲಿ, ಸಂದಿಯೊಳಗಿನ ಯು ಟರ್ನ್‌ನಲ್ಲಿ. ಅದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

◆ ರಾಯಲ್ ಎನ್‌ಫೀಲ್ಡ್‌ನ ಕ್ರೂಸರ್ ಮೀಟಿಯರ್ 350ರ ಹೆಸರಿನಲ್ಲಿ 350 ಇದ್ದರೂ ಎಂಜಿನ್ 349 ಸಿಸಿ. 350ರ ಗೆರೆಯೊಳಗೆ ಉಳಿದದ್ದಕ್ಕೆ ಈಗ ಬಂಗಾರದ ಬೆಲೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18. ಗೆರೆ ದಾಟಿದರೆ ಶೇ 40. ಜಪಾನಿನಲ್ಲಿ ಇಂಥದ್ದೇ ಗೆರೆ 400 ಸಿಸಿಗೆ ಇದೆ, ಆದರೆ ಅದು ತೆರಿಗೆಯದ್ದಲ್ಲ, ಲೈಸೆನ್ಸಿನದ್ದು.

◆ ಯುರೋಪಿನಲ್ಲಿ ಮಧ್ಯದ ಮೆಟ್ಟಿಲಿನ ಎ2 ಲೈಸೆನ್ಸ್ ಇದ್ದವರು 35 ಕಿಲೋವ್ಯಾಟ್‌ಗಿಂತ ಹೆಚ್ಚು ಶಕ್ತಿಯ ಬೈಕ್ ಮುಟ್ಟುವಂತಿಲ್ಲ. ನಮ್ಮಲ್ಲಿ ಅಂಥ ಮೆಟ್ಟಿಲೇ ಇಲ್ಲ. 18 ತುಂಬಿ, ಎಲ್‌ಎಲ್‌ಆರ್ ಮಾಡಿಸಿ, 30 ದಿನ ಕಳೆದು ಪರೀಕ್ಷೆ ಪಾಸಾದರೆ 100 ಸಿಸಿಯ ಗಾಡಿಗೂ 1,800 ಸಿಸಿಯ ಗಾಡಿಗೂ ಅದೇ ಕಾರ್ಡು. ಯಾವ ಗಾಡಿಯಿಂದ ಶುರು ಮಾಡಬೇಕು ಎಂಬ ವಿವೇಕವನ್ನು ಕಾನೂನು ಪೂರ್ತಿ ನಮಗೇ ಬಿಟ್ಟುಕೊಟ್ಟಿದೆ. ಅಷ್ಟು ನಂಬಿಕೆ ಇಡಬಾರದಿತ್ತೇನೋ.

◆ ‘ನಾನು ಹತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ’ ಎನ್ನುವವರು ಇದನ್ನು ಓದಬೇಕು. ಅಮೆರಿಕದಲ್ಲಿ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ 900 ಬೈಕ್ ಅಪಘಾತಗಳನ್ನು ಕೂಲಂಕಷವಾಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೀಡಾದ ಸವಾರರ ಒಟ್ಟಾರೆ ರಸ್ತೆ ಅನುಭವ ಸರಾಸರಿ 3 ವರ್ಷದ ಹತ್ತಿರ. ಆದರೆ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿದ್ದ ಆ ಗಾಡಿಯ ಮೇಲೆ 5 ತಿಂಗಳ ಅಭ್ಯಾಸವೂ ಇರಲಿಲ್ಲ. ಅಂದರೆ ಹೊಸ ಸವಾರ ಒಂದು ಅಪಾಯ, ಹೊಸ ಗಾಡಿ ಇನ್ನೊಂದು. ಸ್ಕೂಟರಿನಿಂದ ನೇರವಾಗಿ ಕ್ರೂಸರ್‌ಗೆ ಹಾರಿದವರು ಅನುಭವಿಗಳಾಗಿದ್ದರೂ ಮೊದಲ ಕೆಲವು ತಿಂಗಳು ಹೊಸಬರೇ. ಅದೇ ವರದಿಯ ಇನ್ನೊಂದು ಅಂಕಿ: ಅಪಘಾತಕ್ಕೀಡಾದವರಲ್ಲಿ ಶೇ 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರು, ಗೆಳೆಯರಿಂದ ಕಲಿತವರು. ನಮ್ಮಲ್ಲಿ ಎಣಿಸಿದರೆ ಎಷ್ಟು ಬಂದೀತು, ಊಹಿಸಿಕೊಳ್ಳಿ.

◆ ರಾಯಲ್ ಎನ್‌ಫೀಲ್ಡ್‌ನ ಮಾಮೂಲಿ ಬೈಕ್ ಕ್ಲಾಸಿಕ್ 350ರ ಸೀಟಿನ ಎತ್ತರ 805 ಮಿ.ಮೀ. ಮೀಟಿಯರ್‌ನದ್ದು 765. ಬಜಾಜ್ ಅವೆಂಜರ್‌ನದ್ದು 737. ಹೋಂಡಾ ರೆಬೆಲ್ 500ರದ್ದು 690. ಐದಡಿಯ ಆಸುಪಾಸಿನವರಿಗೆ ಎರಡೂ ಪಾದ ಊರಿ ಸಿಗ್ನಲ್‌ನಲ್ಲಿ ನಿಲ್ಲುವ ಧೈರ್ಯ ಬರುವುದು ಈ ಲೆಕ್ಕದಿಂದಲೇ. ಅಮೆರಿಕದ ಬೈಕ್ ತರಬೇತಿ ಶಾಲೆಗಳಲ್ಲಿ 1985ರಲ್ಲಿ ಬಂದ ರೆಬೆಲ್ 250 ವರ್ಷಾನುಗಟ್ಟಲೆ ಬಳಕೆಯಲ್ಲಿದ್ದುದಕ್ಕೆ ತಗ್ಗಿದ ಸೀಟೂ ಒಂದು ಕಾರಣ.

◆ ತಗ್ಗಿದ ಸೀಟು ಪುಕ್ಕಟೆ ಬರುವುದಿಲ್ಲ. ಸೀಟು ಕೆಳಗಿಳಿದಷ್ಟೂ ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿ ಹಿಗ್ಗಲು ಇರುವ ಜಾಗ ಕಡಿಮೆ. ಮಾಮೂಲಿ ಬೈಕಿನಲ್ಲಿ ಹಂಪ್ಸ್ ಕಂಡರೆ ಫುಟ್‌ರೆಸ್ಟ್ ಮೇಲೆ ಕಾಲೂರಿ ಸೀಟಿನಿಂದ ಒಂದಿಷ್ಟು ಏಳುತ್ತೇವೆ. ಕ್ರೂಸರ್‌ನಲ್ಲಿ ಪಾದ ಮುಂದೆ ಚಾಚಿರುತ್ತದೆ, ಏಳಲು ಆಗದು, ಏಟು ನೇರವಾಗಿ ಸೊಂಟಕ್ಕೆ. ಹಾಗಾಗಿ ಹಂಪ್ಸ್ ದಾಟುವ ಕ್ರಮವನ್ನೇ ಬದಲಿಸಿಕೊಳ್ಳಬೇಕು. ಬ್ರೇಕ್ ಹಿಡಿಯುವುದನ್ನೆಲ್ಲ ಮೊದಲೇ ಮುಗಿಸಿ, ಮುಂಚಕ್ರ ಉಬ್ಬು ಹತ್ತುವ ಹೊತ್ತಿಗೆ ಬಿಟ್ಟುಬಿಡಬೇಕು. ಬ್ರೇಕ್ ಹಿಡಿದೇ ಹತ್ತಿಸಿದರೆ ಮುಂದಿನ ಫೋರ್ಕ್ ಆಗಲೇ ಅದುಮಿಕೊಂಡಿರುತ್ತದೆ, ಏಟು ನುಂಗಲು ಅದರಲ್ಲಿ ಜಾಗ ಉಳಿದಿರುವುದಿಲ್ಲ. ಬಣ್ಣ ಬಳಿಯದ, ಬೋರ್ಡಿಲ್ಲದ ಹಂಪ್ಸ್‌ಗಳ ನಾಡಿನಲ್ಲಿ ಇದು ಸಣ್ಣ ವಿದ್ಯೆಯಲ್ಲ.

◆ ಕ್ರೂಸರ್‌ಗಳ ಮುಂದಿನ ಫೋರ್ಕ್ ಹೆಚ್ಚು ಓರೆ, ಎರಡು ಚಕ್ರಗಳ ನಡುವಿನ ಅಂತರವೂ ಹೆಚ್ಚು. ಅಮೆರಿಕದ ನೆಟ್ಟಗಿನ, ಉದ್ದುದ್ದ ಹೆದ್ದಾರಿಗಳಲ್ಲಿ ಬೆಳೆದ ವಿನ್ಯಾಸ ಇದು. ನೇರ ರಸ್ತೆಯಲ್ಲಿ ಗಾಡಿ ತನ್ನಷ್ಟಕ್ಕೆ ತಾನೇ ಸ್ಥಿರವಾಗಿ ಹೋಗುತ್ತದೆ. ಕಿರಿದಾದ ರಸ್ತೆಯಲ್ಲಿ ತಿರುಗಿಸಿ ನೋಡಿ, ಅದೇ ಗಾಡಿ ಹಠ ಹಿಡಿದ ಹೋರಿ.

◆ ಯು ಟರ್ನ್‌ನಲ್ಲಿ ಬೀಳುವವರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ: ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿಯುವುದು, ಮುಂಚಕ್ರದ ಎದುರಿನ ನೆಲವನ್ನೇ ನೋಡುವುದು. ಮದ್ದು ಸರಳ. ಎಕ್ಸಲರೇಟರ್ ಒಂದೇ ಸಮ, ಕ್ಲಚ್ ಅರ್ಧ, ಹಿಂದಿನ ಬ್ರೇಕ್ ಮೇಲೆ ಪಾದದ ಹಗುರ ಒತ್ತಡ, ಕತ್ತು ಪೂರ್ತಿ ತಿರುಗಿಸಿ ಹೊರಡಬೇಕಾದ ದಿಕ್ಕಿನತ್ತ ನೋಟ. ಆರ್‌ಟಿಒ ಮೈದಾನದಲ್ಲಿ ಎಂಟು ಹಾಕಿಸುವುದು ಇದಕ್ಕೇ. ಎಷ್ಟೋ ಜನ ಅದನ್ನು ಯಾರದೋ ಹಗುರ ಬೈಕಿನಲ್ಲಿ ಹಾಕಿ ಪಾಸಾಗಿ, 191 ಕೆ.ಜಿ.ಯ ಮೀಟಿಯರ್ ಮೇಲೆ ಒಮ್ಮೆಯೂ ಹಾಕಿ ನೋಡಿರುವುದಿಲ್ಲ. ಭಾನುವಾರ ಬೆಳಿಗ್ಗೆ ಖಾಲಿ ಶಾಲೆ ಮೈದಾನ ಸಿಕ್ಕರೆ ಹಾಕಿ.

◆ ‘ಹಾಫ್ ಕ್ಲಚ್ ಹಿಡಿದರೆ ಪ್ಲೇಟ್ ಸುಟ್ಟುಹೋಗುತ್ತೆ’ ಎಂದು ಹೆದರಿಸುವವರಿದ್ದಾರೆ. ಕಾರಿನ ಮಟ್ಟಿಗೆ ಆ ಮಾತು ಹೆಚ್ಚು ಸರಿ. ಬಹುಪಾಲು ಬೈಕುಗಳ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿ ತಂಪಾಗಿರುತ್ತವೆ. ತಿರುವಿನಲ್ಲಿ ಕ್ಲಚ್ ಕೆಲವು ಸೆಕೆಂಡ್ ಜಾರಿದರೆ ಏನೂ ಆಗದು. ಮನೆಯಲ್ಲಿ ಉಳಿದ ಕಾರಿನ ಆಯಿಲ್ ಬೈಕಿಗೆ ಹಾಕಬಾರದು ಎನ್ನುವುದಕ್ಕೂ ಕ್ಲಚ್ ಹೀಗೆ ಆಯಿಲ್‌ನಲ್ಲಿ ಮುಳುಗಿರುವುದೇ ಕಾರಣ. ಇಂಧನ ಉಳಿಸಲೆಂದು ಕಾರಿನ ಆಯಿಲ್‌ಗೆ ಬೆರೆಸುವ ಜಾರಿಕೆಯ ಅಂಶ ಬೈಕಿನ ಕ್ಲಚ್ಚನ್ನೂ ಜಾರಿಸಿಬಿಡುತ್ತದೆ. ಡಬ್ಬಿಯ ಹಿಂದೆ, ಇಂಥ ಕ್ಲಚ್ಚಿಗೆ ಹೊಂದುತ್ತದೆ ಎಂದು ಸೂಚಿಸುವ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತು ಇದೆಯೇ ನೋಡಿ.

◆ ವೇಗದಲ್ಲಿ ಎಡಕ್ಕೆ ತಿರುಗಬೇಕಾದರೆ ಹ್ಯಾಂಡಲಿನ ಎಡಗೈ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಗಾಡಿ ಎಡಕ್ಕೆ ವಾಲುತ್ತದೆ, ತಿರುಗುತ್ತದೆ. ನಂಬಿಕೆ ಬರದಿದ್ದರೆ ಖಾಲಿ ರಸ್ತೆಯಲ್ಲಿ ಹಗುರವಾಗಿ ತಳ್ಳಿ ನೋಡಿ. ವಿಮಾನ ಹಾರಿಸಿದ ವಿಲ್ಬರ್ ರೈಟ್ ಸೈಕಲ್ ಸವಾರರಲ್ಲಿ ಇದನ್ನು ಗಮನಿಸಿದ್ದರು. ಮಾಡುವವರೆಲ್ಲ ಅರಿವಿಲ್ಲದೇ ಮಾಡುತ್ತಾರೆ ಎಂಬುದೂ ಅವರಿಗೆ ತಿಳಿದಿತ್ತು.

◆ ತಿರುವಿನಲ್ಲಿ ‘ಕರ್ರ್’ ಎಂದು ಫುಟ್‌ರೆಸ್ಟ್ ನೆಲಕ್ಕೆ ಉಜ್ಜಿದರೆ ಗಾಬರಿಯಾಗಿ ಬ್ರೇಕ್ ತುಳಿಯಬೇಡಿ. ಕ್ರೂಸರ್‌ಗಳ ಫುಟ್‌ರೆಸ್ಟ್ ತಗ್ಗಿನಲ್ಲಿರುವುದರಿಂದ ಬೇಗ ಮುಟ್ಟುತ್ತದೆ, ಮುಟ್ಟಿದಾಗ ಮಡಚಿಕೊಳ್ಳುತ್ತದೆ. ಇನ್ನು ಹೆಚ್ಚು ವಾಲಿಸಬೇಡ ಎಂಬ ಎಚ್ಚರಿಕೆ ಅದು, ಅಷ್ಟೇ.

◆ ಹೆಬ್ಬೆರಳು ಮತ್ತು ಹಿಮ್ಮಡಿ ಎರಡಕ್ಕೂ ಚಾಚಿದ ಗೇರ್ ಲಿವರ್ ಕ್ರೂಸರ್‌ನ ಚೆಂದಗಳಲ್ಲೊಂದು. ಹಿಮ್ಮಡಿಯಲ್ಲಿ ತುಳಿದರೆ ಗೇರ್ ಮೇಲೇರುತ್ತದೆ, ಶೂ ಮೇಲೆ ಕಲೆ ಬೀಳುವುದಿಲ್ಲ. ಹಿಂದಿನ ತಲೆಮಾರಿನವರು ಲಿವರಿನ ವಿಷಯದಲ್ಲಿ ಇನ್ನೂ ಗಟ್ಟಿಗರು. ಹಳೆಯ ಬುಲೆಟ್‌ನ ಗೇರ್ ಬಲಗಾಲಿಗಿತ್ತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಗಾಡಿಗಳಲ್ಲಂತೂ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ: ಒದ್ದು ಸ್ಟಾರ್ಟ್ ಮಾಡಿ, ಮಡಚಿ, ಅದರಲ್ಲೇ ಗೇರ್ ಹಾಕಬೇಕಿತ್ತು.

◆ ಮೀಟಿಯರ್‌ನಲ್ಲಿ ಕಿಕ್ಕರ್ ಇಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟು ಬ್ಯಾಟರಿ ಪೂರ್ತಿ ಇಳಿದರೆ ತಳ್ಳಿ ಸ್ಟಾರ್ಟ್ ಮಾಡುವುದೂ ಕಷ್ಟ, ಏಕೆಂದರೆ ಪೆಟ್ರೋಲ್ ಪಂಪಿಗೂ ಕರೆಂಟ್ ಬೇಕು. ರಿಸರ್ವ್‌ಗೆ ತಿರುಗಿಸುವ ಕಿವಿಯೂ ಈಗಿಲ್ಲ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದು ಪೆಟ್ರೋಲೇ. ಕೊನೆಯ ಹನಿವರೆಗೆ ಓಡಿಸುವ ಚಾಳಿ ಇದ್ದವರು ಬಿಡುವುದು ಒಳ್ಳೆಯದು.

◆ ಮೀಟಿಯರ್ ಸಿಲಿಂಡರಿನ ಅಗಲ 72 ಮಿ.ಮೀ., ಪಿಸ್ಟನ್ ಓಡಾಡುವ ದೂರ 85.8 ಮಿ.ಮೀ. ಅಗಲಕ್ಕಿಂತ ಓಟ ಉದ್ದ. ಹೀಗಾಗಿ 27 ನ್ಯೂಟನ್ ಮೀಟರ್ ಎಳೆತ ನಿಮಿಷಕ್ಕೆ ಬರೀ 4,000 ಸುತ್ತಿಗೇ ಸಿಗುತ್ತದೆ. ಘಾಟಿ ಹತ್ತುವಾಗ ಪದೇ ಪದೇ ಗೇರ್ ಇಳಿಸುವ ತಾಪತ್ರಯವಿಲ್ಲ. ಹಾಗೆಂದು 30ರ ವೇಗದಲ್ಲಿ ಟಾಪ್ ಗೇರ್ ಹಾಕಿ ಎಂಜಿನ್ನನ್ನು ಕೆಮ್ಮಿಸಬಾರದು.

◆ ‘ಮೊದಲ ಸರ್ವಿಸ್ ಆಗೋವರೆಗೂ 40ರ ಮೇಲೆ ಹೋಗಬೇಡಪ್ಪ.’ ಪ್ರತಿ ಮನೆಯಲ್ಲೂ ಒಬ್ಬ ಮಾವ ಹೇಳುವ ಮಾತು. ಅರ್ಧ ಸರಿ. ಹೊಸ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಉಜ್ಜಿ ಹೊಂದಿಕೊಳ್ಳಬೇಕು, ಅದಕ್ಕೆ ಎಂಜಿನ್ ಮೇಲಿನ ಒತ್ತಡ ಏರಿಳಿಯುತ್ತಿರಬೇಕು. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗ, ಅದು 40 ಆದರೂ, ಹೊಸ ಎಂಜಿನ್‌ಗೆ ಹಿತವಲ್ಲ. ಜೋರಾಗಿ ತಿರುಚಬೇಡಿ, ಆದರೆ ವೇಗ ಬದಲಿಸುತ್ತಾ ಇರಿ. ಉಜ್ಜಿದಾಗ ಬಿದ್ದ ಲೋಹದ ಪುಡಿ ಆಯಿಲ್‌ನಲ್ಲಿ ಸೇರಿರುತ್ತದೆ, 500 ಕಿ.ಮೀ.ಗೇ ಮೊದಲ ಸರ್ವಿಸ್‌ಗೆ ಕರೆಯುವುದು ಅದನ್ನು ಹೊರಹಾಕಲು.

◆ ಹೊಸ ಟೈರ್ ಜಾರುತ್ತದೆ. ಮೇಲ್ಮೈ ಇನ್ನೂ ನುಣುಪು. ಮೊದಲ ಸುಮಾರು 150 ಕಿ.ಮೀ. ತಿರುವುಗಳಲ್ಲಿ ಮೆಲ್ಲಗೆ. ಟೈರಿನ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಹೊಸ ಗಾಡಿ ಎಷ್ಟು ಹೊಸದು ಎಂದು ಹಣ ಕಟ್ಟುವ ಮೊದಲೇ ತಿಳಿಯುತ್ತದೆ.

◆ ಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡಿ, ಬೂದುಗುಂಬಳ ಒಡೆಯಿರಿ. ಬ್ರೇಕ್ ಡಿಸ್ಕಿಗೆ ಮಾತ್ರ ಎಣ್ಣೆ, ಅರಿಶಿನ, ಕುಂಕುಮ ಬೇಡ. ಪ್ಯಾಡ್ ಎಣ್ಣೆ ಕುಡಿದರೆ ಬ್ರೇಕ್ ಹಿಡಿಯುವುದಿಲ್ಲ. ಹಾರವನ್ನು ಹ್ಯಾಂಡಲ್ ಪೂರ್ತಿ ತಿರುಗುವಷ್ಟು ಸಡಿಲ ಬಿಡಿ. ಊದುಬತ್ತಿಯನ್ನು ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಸಂದಿಗೆ ಸಿಕ್ಕಿಸುವವರನ್ನು ದಯವಿಟ್ಟು ತಡೆಯಿರಿ.

◆ ಮಾಮೂಲಿ ಬೈಕಿನಲ್ಲಿ ಗಾಡಿ ನಿಲ್ಲಿಸುವ ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದ್ದು. ಕ್ರೂಸರ್‌ನಲ್ಲೂ ಅದೇ, ಆದರೆ ಉದ್ದನೆಯ ಗಾಡಿ, ಹಿಂದಕ್ಕೆ ಬಿದ್ದ ಭಾರ, ಹಾಗಾಗಿ ಹಿಂದಿನ ಬ್ರೇಕಿಗೂ ಇಲ್ಲಿ ಬೆಲೆ ಹೆಚ್ಚು. ಎರಡನ್ನೂ ಸೇರಿಸಿ ಹಿಡಿಯುವುದು ರೂಢಿಯಾಗಲಿ. ಗಟ್ಟಿಯಾಗಿ ಹಿಡಿದರೂ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್, 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ 2019ರ ಏಪ್ರಿಲ್‌ನಿಂದ ಕಡ್ಡಾಯ.

◆ ಬಿದ್ದ ಕ್ರೂಸರ್ ಎತ್ತಲು ಪೈಲ್ವಾನ್ ಬೇಕಿಲ್ಲ. ಮೊದಲು ಎಂಜಿನ್ ಆಫ್. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಈಗಲೇ ಬಿಡಿಸಿಡಿ, ಇಲ್ಲದಿದ್ದರೆ ಎತ್ತಿದ ಗಾಡಿ ಎಡಕ್ಕೆ ಮಗುಚುತ್ತದೆ. ಗೇರ್‌ನಲ್ಲಿರಲಿ. ಹ್ಯಾಂಡಲನ್ನು ಬಿದ್ದ ಬದಿಗೇ ಪೂರ್ತಿ ತಿರುಗಿಸಿ, ಗಾಡಿಗೆ ಬೆನ್ನು ಮಾಡಿ, ಸೀಟಿನ ಅಂಚಿಗೆ ಪೃಷ್ಠ ಆನಿಸಿ ಕುಕ್ಕರಿಸಿ. ಒಂದು ಕೈ ಕೆಳಗಿನ ಗ್ರಿಪ್ ಮೇಲೆ, ಇನ್ನೊಂದು ಹಿಂದಿನ ಹಿಡಿಯ ಮೇಲೆ. ಬೆನ್ನು ನೆಟ್ಟಗಿರಲಿ. ತೋಳಿನಿಂದ ಎತ್ತುವುದಲ್ಲ, ಕಾಲಿನಿಂದ ಒತ್ತುತ್ತಾ ಪುಟ್ಟ ಪುಟ್ಟ ಹೆಜ್ಜೆ ಹಿಂದಕ್ಕೆ ಇಡುವುದು. ಗಾಡಿ ತಾನಾಗಿ ಏಳುತ್ತದೆ. ಆದರೂ ಬಸ್‌ಸ್ಟಾಪಿನ ಜನ ಸಹಾಯಕ್ಕೆ ಓಡಿಬಂದರೆ ಬೇಡವೆನ್ನಬೇಡಿ.

◆ ಹಿಂದಿನ ಸೀಟಿಗೆ ಹಿಡಿ, ಫುಟ್‌ರೆಸ್ಟ್, ಬಟ್ಟೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕಾದರೂ ಕವಚ: ಇವು 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 123ನೇ ನಿಯಮ. ಸೀರೆ ಗಾರ್ಡ್ ಬಿಚ್ಚಿಸಿದರೆ ಗಾಡಿ ಸ್ಟೈಲಾಗಿ ಕಾಣುತ್ತದೆ, ನಿಜ. ಹಿಂದೆ ಕೂರುವ ಅಮ್ಮನ ಸೆರಗಿಗೆ ಸ್ಟೈಲ್ ಗೊತ್ತಿಲ್ಲ.

◆ ತನ್ನ ಎಂಜಿನ್ನಿನ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಹಾರ್ಲೆ ಡೇವಿಡ್ಸನ್ 1994ರಲ್ಲಿ ಅರ್ಜಿ ಹಾಕಿತ್ತು. ಪ್ರತಿಸ್ಪರ್ಧಿಗಳ ತಕರಾರಿನ ನಡುವೆ 2000ದಲ್ಲಿ ಹಿಂತೆಗೆದುಕೊಂಡಿತು. ನಮ್ಮಲ್ಲಿ ಸೈಲೆನ್ಸರ್ ಬದಲಿಸಿ ಸದ್ದು ಮಾಡಿದವರ ಅರ್ಜಿ ವಿಲೇವಾರಿ ಬೇಗ: ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಅಂಥ ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಹತ್ತಿಸಿದ್ದಾರೆ.

◆ ನೇರ ಹೆದ್ದಾರಿಗೆಂದೇ ಹುಟ್ಟಿದ ಗಾಡಿ ಕೊಂಡವರಿಗೆ ಬೇಸರದ ಸುದ್ದಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಎಷ್ಟು ಸಿಸಿ ಎಂದು ಯಾರೂ ಕೇಳುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಮೈಸೂರಿನಿಂದ ಮುಂದೆ ಊಟಿಗೋ ವಯನಾಡಿಗೋ ಹೊರಟರೆ ಬಂಡೀಪುರದ ಗೇಟು ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

◆ ‘ಐದು ವರ್ಷದ ಇನ್ಶೂರೆನ್ಸ್ ಆಗಿದೆ’ ಎಂದು ನೆಮ್ಮದಿಯಾಗಿರುವವರು ಪಾಲಿಸಿಯನ್ನು ಒಮ್ಮೆ ತೆರೆದು ನೋಡಿ. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ 5 ವರ್ಷ ಕಡ್ಡಾಯವಾದದ್ದು ಥರ್ಡ್ ಪಾರ್ಟಿ ವಿಮೆ ಮಾತ್ರ, ಅಂದರೆ ನಿಮ್ಮಿಂದ ಇತರರಿಗಾದ ಹಾನಿಗೆ. ನಿಮ್ಮದೇ ಗಾಡಿಯ ಡ್ಯಾಮೇಜಿಗೂ ಕಳ್ಳತನಕ್ಕೂ ಸಿಗುವ ರಕ್ಷಣೆ ಸಾಮಾನ್ಯವಾಗಿ 1 ವರ್ಷದ್ದು. ಅದು ಮುಗಿಯುವ ತಿಂಗಳಲ್ಲೇ ಹೊಸ ಗಾಡಿಗಿರುವ ಮಾಲಿನ್ಯ ತಪಾಸಣೆಯ ವಿನಾಯಿತಿಯೂ ಮುಗಿಯುತ್ತದೆ. ಎರಡಕ್ಕೂ ಒಂದೇ ದಿನ ಮೊಬೈಲ್‌ನಲ್ಲಿ ರಿಮೈಂಡರ್ ಇಟ್ಟುಬಿಡಿ.